ಅಂತರ್ಜಾಲ ತಾಣಕ್ಕೆ ಸರಕಿನ ಚಿತ್ರಗಳನ್ನು ಸಿದ್ಧಪಡಿಸುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಗೆ ಬಂದ ಖರೀದಿದಾರನು ಮೊದಲು ಮಾಡುವ ಕೆಲಸವೆಂದರೆ ಚೀಲದೊಳಗೆ ಕೈಹಾಕಿ ಒಂದು ಹಿಡಿ ಅಡಿಕೆಯನ್ನು ತೆಗೆದು ಬೆಳಕಿಗೆ ಹಿಡಿಯುವುದು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವಿಂಗಡಣೆಯಾಗಲಿ, ಒಂದೇ ವಿಂಗಡಣೆಯೊಳಗಿನ ದರದ ವ್ಯತ್ಯಾಸವಾಗಲಿ ಬಹುಮಟ್ಟಿಗೆ ಆ ನೋಟದಲ್ಲಿಯೇ ತೀರ್ಮಾನವಾಗುತ್ತದೆ. ಶಿವಮೊಗ್ಗ-ಭದ್ರಾವತಿ ನಡುವಣ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗೆ ಬರುವ ಖರೀದಿ ಅಧಿಕಾರಿಯೂ ಎರಕದ ಬಿಡಿಭಾಗವನ್ನು ಹೀಗೆಯೇ ತಿರುಗಿಸಿ, ಮೇಲ್ಮೈಯನ್ನು ಬೆರಳಿನಿಂದ ಸವರಿ ನೋಡುತ್ತಾನೆ. ಅಂತರ್ಜಾಲ ತಾಣದಲ್ಲಿ ಈ ಎರಡು ಅವಕಾಶಗಳೂ ಇಲ್ಲ. ದೂರದ ಊರಿನ ಖರೀದಿದಾರನ ಮುಂದೆ ಇರುವುದು ಒಂದು ಛಾಯಾಚಿತ್ರ ಮಾತ್ರ.

ಆದುದರಿಂದ ತಾಣದಲ್ಲಿನ ಚಿತ್ರವನ್ನು ಮಾದರಿಯೆಂದೇ ಭಾವಿಸಿ ಸಿದ್ಧಪಡಿಸುವುದು ಉಚಿತ. ಮಾದರಿ ತೋರಿಸಿ ಮಾಡಿದ ಮಾರಾಟದಲ್ಲಿ ಒಟ್ಟು ಸರಕು ಮಾದರಿಗೆ ಸರಿಹೊಂದಬೇಕೆಂದು 1930ರ ಸರಕು ಮಾರಾಟ ಕಾಯಿದೆಯ 17ನೇ ಕಲಮು ಹೇಳುತ್ತದೆ. ಛಾಯಾಚಿತ್ರವು ಕಾನೂನಿನ ಕಟ್ಟುನಿಟ್ಟಾದ ಅರ್ಥದಲ್ಲಿ ಮಾದರಿಯೆನಿಸಲಿ, ಬಿಡಲಿ, ಲಾರಿಯಿಂದ ಇಳಿದ ಮಾಲು ಚಿತ್ರದಲ್ಲಿ ಕಂಡಂತೆ ಇರದಿದ್ದರೆ ತಕರಾರು ಆರಂಭವಾಗುವುದು ಆ ಚಿತ್ರದಿಂದಲೇ. ಗ್ರಾಹಕರಿಗೆ ಅಂತರ್ಜಾಲದ ಮೂಲಕ ನೇರವಾಗಿ ಮಾರುವವರಿಗಂತೂ, ಜಾಹೀರಾತು ಸರಕಿನ ನಿಜವಾದ ಗುಣಲಕ್ಷಣಗಳಿಗೆ ಅನುಗುಣವಾಗಿರಬೇಕೆಂಬ ಹೊಣೆಯನ್ನು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಸ್ಪಷ್ಟವಾಗಿಯೇ ವಿಧಿಸಿವೆ.

ಇಂತಹ ಚಿತ್ರದಿಂದ ಎರಡು ಗುಣಗಳನ್ನು ನಿರೀಕ್ಷಿಸಬೇಕಾಗುತ್ತದೆ. ಅದು ಬೇಗನೆ ತೆರೆದುಕೊಳ್ಳಬೇಕು; ತೆರೆದಾಗ ಸರಕನ್ನು ಇದ್ದಂತೆ ತೋರಿಸಬೇಕು.

ಕಡತದ ತೂಕ

ಇಂದಿನ ಸಾಮಾನ್ಯ ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರವು ಸುಮಾರು 4000 ಚುಕ್ಕೆ ಅಗಲ, 3000 ಚುಕ್ಕೆ ಎತ್ತರವಿರುತ್ತದೆ. ಅಂದರೆ 1 ಕೋಟಿ 20 ಲಕ್ಷ ಚುಕ್ಕೆಗಳು. ಪಿಕ್ಸೆಲ್ ಎಂದು ಕರೆಯಲಾಗುವ ಈ ಪ್ರತಿಯೊಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವನ್ನು ಸೂಚಿಸಲು ಮೂರು ಬೈಟ್ ಬೇಕು. ಸಂಕುಚಿತಗೊಳಿಸಿದ ನಂತರವೂ ಅಂತಹ ಕಡತವು 3ರಿಂದ 5 ಮೆಗಾಬೈಟ್ ತೂಗುತ್ತದೆ. ಆದರೆ ಅದನ್ನು ನೋಡುವ ಫೋನಿನ ಪರದೆಯ ಅಗಲ ಸಾಮಾನ್ಯವಾಗಿ 1080 ಚುಕ್ಕೆಗಳಷ್ಟೇ. ಉಳಿದ ಚುಕ್ಕೆಗಳು ಖರೀದಿದಾರನ ಡೇಟಾವನ್ನೂ ಸಮಯವನ್ನೂ ಖರ್ಚುಮಾಡಿ, ಪರದೆಯ ಮೇಲೆ ಕಾಣಿಸಿಕೊಳ್ಳದೆಯೇ ವ್ಯರ್ಥವಾಗುತ್ತವೆ.

ಲೆಕ್ಕವನ್ನು ಹೀಗೆ ಹಾಕಬಹುದು. ಒಂದು ಪುಟದಲ್ಲಿ ತಲಾ 4 ಮೆಗಾಬೈಟಿನ 10 ಚಿತ್ರಗಳಿದ್ದರೆ ಒಟ್ಟು 40 ಮೆಗಾಬೈಟ್. ಸೆಕೆಂಡಿಗೆ 4 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಆ ಪುಟ ಪೂರ್ಣ ತೆರೆಯಲು 80 ಸೆಕೆಂಡು ಬೇಕು. ಅದೇ 10 ಚಿತ್ರಗಳನ್ನು ತಲಾ 150 ಕಿಲೋಬೈಟಿಗೆ ಇಳಿಸಿದರೆ 3 ಸೆಕೆಂಡು ಸಾಕು. ಒಂದೂಕಾಲು ನಿಮಿಷ ಕಾಯುವ ಖರೀದಿದಾರನು ಅಪರೂಪ. ಅವನು ಮತ್ತೊಬ್ಬ ವರ್ತಕನ ತಾಣಕ್ಕೆ ಹೊರಟುಹೋಗಿರುತ್ತಾನೆ, ಹಾಗೆ ಹೋದುದು ಮಾಲೀಕನಿಗೆ ತಿಳಿಯುವುದೂ ಇಲ್ಲ. ಹುಡುಕಾಟದ ಫಲಿತಾಂಶಗಳನ್ನು ಜೋಡಿಸುವಾಗ ಗೂಗಲ್ ಸಂಸ್ಥೆಯು 2021ರಿಂದ ಪುಟದ ಇಂತಹ ಅನುಭವವನ್ನೂ ಪರಿಗಣಿಸುತ್ತಿದ್ದು, ಪುಟದ ಅತಿ ದೊಡ್ಡ ಅಂಶವು 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಅದರ ಅಳತೆಗೋಲು. ಆ ಅತಿ ದೊಡ್ಡ ಅಂಶವು ಹೆಚ್ಚಿನ ತಾಣಗಳಲ್ಲಿ ಒಂದು ಚಿತ್ರವೇ ಆಗಿರುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಪುಟದಲ್ಲಿ ಚಿತ್ರವನ್ನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ ತೋರಿಸಿದ ಮಾತ್ರಕ್ಕೆ ಕಡತ ಚಿಕ್ಕದಾಗುವುದಿಲ್ಲ. 4 ಮೆಗಾಬೈಟಿನ ಕಡತ ಇಡಿಯಾಗಿ ಇಳಿದುಬಂದ ಮೇಲೆಯೇ ಚಿಕ್ಕದಾಗಿ ಕಾಣುತ್ತದೆ. ಆದುದರಿಂದ ತಾಣಕ್ಕೆ ಏರಿಸುವ ಮುನ್ನವೇ ಅಳತೆಯನ್ನು ಇಳಿಸಬೇಕು. ಸರಕಿನ ಮುಖ್ಯ ಚಿತ್ರಕ್ಕೆ ಉದ್ದನೆಯ ಬದಿ 1200ರಿಂದ 1600 ಚುಕ್ಕೆ, ಪಟ್ಟಿಯಲ್ಲಿ ಕಾಣುವ ಚಿಕ್ಕ ಚಿತ್ರಕ್ಕೆ 300ರಿಂದ 400 ಚುಕ್ಕೆ ಇದ್ದರೆ ಸಾಕು. ಮುದ್ರಣಾಲಯದವರು ಕೇಳುವ 'ಇಂಚಿಗೆ 300 ಚುಕ್ಕೆ' ಎಂಬ ಮಾತಿಗೆ ಪರದೆಯ ಮೇಲೆ ಯಾವ ಅರ್ಥವೂ ಇಲ್ಲ. ಅಲ್ಲಿ ಎಣಿಕೆಗೆ ಬರುವುದು ಒಟ್ಟು ಚುಕ್ಕೆಗಳು ಮಾತ್ರ.

ಯಾವ ರೂಪದಲ್ಲಿ ಉಳಿಸಬೇಕೆಂಬುದು ಮುಂದಿನ ಪ್ರಶ್ನೆ. 1992ರಲ್ಲಿ ಪ್ರಮಾಣಿತವಾದ ಜೆಪೆಗ್ ವಿಧಾನವು ಚಿತ್ರವನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕೆಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಸುಲಭವಾಗಿ ಗುರುತಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಕೈಬಿಟ್ಟ ವಿವರ ಮರಳಿ ಬಾರದು. ಗುಣಮಟ್ಟವನ್ನು 75ರಿಂದ 85ರ ನಡುವೆ ಇಟ್ಟರೆ ಛಾಯಾಚಿತ್ರಗಳಲ್ಲಿ ವ್ಯತ್ಯಾಸ ಕಾಣಿಸದು. 40ಕ್ಕಿಂತ ಕೆಳಗಿಳಿಸಿದರೆ ಚೌಕಗಳು ಬರಿಗಣ್ಣಿಗೇ ಕಾಣತೊಡಗುತ್ತವೆ. ಒಂದೇ ಕಡತವನ್ನು ತೆರೆದು, ತಿದ್ದಿ, ಪುನಃ ಪುನಃ ಉಳಿಸಿದಾಗಲೂ ಹೀಗೆಯೇ ಸವೆತವಾಗುತ್ತದೆ. ಮೂಲ ಚಿತ್ರವನ್ನು ಪ್ರತ್ಯೇಕವಾಗಿ ಇರಿಸಿ, ಪ್ರತಿ ಬಾರಿಯೂ ಅದರಿಂದಲೇ ಹೊಸ ಪ್ರತಿ ತೆಗೆಯುವುದು ಕ್ರಮ. ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ರೂಪವು ಅದೇ ಗುಣಮಟ್ಟವನ್ನು ಜೆಪೆಗ್‌ಗಿಂತ ಸುಮಾರು ಕಾಲುಭಾಗ ಕಡಿಮೆ ತೂಕದಲ್ಲಿ ಕೊಡುತ್ತದೆ. ಇಂದಿನ ಪ್ರಮುಖ ಬ್ರೌಸರುಗಳೆಲ್ಲವೂ ಅದನ್ನು ತೆರೆಯುತ್ತವೆ. ಸಂಸ್ಥೆಯ ಲಾಂಛನ, ಯಂತ್ರಭಾಗದ ರೇಖಾಚಿತ್ರ ಮೊದಲಾದ ಗೆರೆ-ಅಕ್ಷರಗಳ ಚಿತ್ರಗಳಿಗೆ ಮಾತ್ರ ಪಿಎನ್‌ಜಿ ಅಥವಾ ಎಸ್‌ವಿಜಿ ರೂಪವೇ ಸೂಕ್ತ. ಈ ಕೆಲಸಗಳಿಗೆ ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ. ಗಿಂಪ್ ಎಂಬ ಉಚಿತ ತಂತ್ರಾಂಶವಾಗಲಿ, ಬ್ರೌಸರಿನಲ್ಲಿಯೇ ಕೆಲಸಮಾಡುವ ಸ್ಕ್ವೂಶ್ ಆಗಲಿ ಸಾಕಾಗುತ್ತದೆ.

ಚಿತ್ರಗಳನ್ನು ತಾಣ ರಚಿಸುವವರಿಗೆ ವಾಟ್ಸ್‌ಆ್ಯಪ್ ಮೂಲಕ ಕಳುಹಿಸುವ ರೂಢಿ ನಮ್ಮಲ್ಲಿ ಹೆಚ್ಚು. ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಆ ಸೇವೆಯು ತಾನಾಗಿಯೇ ಅಳತೆಯನ್ನೂ ಗುಣಮಟ್ಟವನ್ನೂ ಇಳಿಸುತ್ತದೆ. ಆ ಮೇಲೆ ತಾಣ ರಚಿಸುವವರು ಇನ್ನೊಮ್ಮೆ ಇಳಿಸುತ್ತಾರೆ. ಎರಡು ಬಾರಿ ಸವೆದ ಚಿತ್ರದಲ್ಲಿ ಅಡಿಕೆಯ ಹೊಳಪನ್ನು ಹುಡುಕುವುದು ವ್ಯರ್ಥ. 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಮೂಲ ಕಡತವೇ ತಲುಪುತ್ತದೆ.

ಬಣ್ಣದ ಪ್ರಾಮಾಣಿಕತೆ

ಕೆಂಪಡಿಕೆಯ ವ್ಯಾಪಾರಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಕರಾವಳಿಯ ಚಾಲಿ ಅಡಿಕೆಯಂತೆ ಬಿಸಿಲಿನಲ್ಲಿ ಒಣಗಿಸಿ ಸುಲಿದ ಬಿಳಿ ಮಾಲಲ್ಲ ಇದು. ಹಸಿಯಾಗಿ ಸುಲಿದು, ಬೇಯಿಸಿ, ಚೊಗರಿನ ಬಣ್ಣ ಹಿಡಿಸಿದ ಮಾಲು. ಬಣ್ಣದ ಒಂದು ಛಾಯೆ ಹೆಚ್ಚು ಕಡಿಮೆಯಾದರೆ ದರವೂ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಫೋನಿನ ಕ್ಯಾಮೆರಾ ಈ ಸಂಗತಿಯನ್ನು ಅರಿಯದು. ಬೆಳಕಿನ ಬಣ್ಣವನ್ನು ಸರಿದೂಗಿಸಲು ಅದು ಇಡೀ ದೃಶ್ಯದ ಸರಾಸರಿಯನ್ನು ಬೂದುಬಣ್ಣದ ಕಡೆಗೆ ಎಳೆಯುತ್ತದೆ. ಚೌಕಟ್ಟಿನ ತುಂಬ ಕೆಂಪಡಿಕೆಯೇ ಇದ್ದರೆ, ಆ ಕೆಂಪನ್ನು ಬೆಳಕಿನ ದೋಷವೆಂದು ಬಗೆದು ಕಡಿಮೆಮಾಡುತ್ತದೆ. ಉತ್ತಮ ರಾಶಿಯೂ ಸಪ್ಪೆಯಾಗಿ ಕಾಣುತ್ತದೆ. ಅದನ್ನು ನೋಡಿ ಗಾಬರಿಗೊಂಡು ತಂತ್ರಾಂಶದಲ್ಲಿ ಕೆಂಪನ್ನು ಏರಿಸಿದರೆ ಇಲ್ಲದ ಬಣ್ಣ ಬರುತ್ತದೆ. ಮೊದಲನೆಯದರಿಂದ ಗಿರಾಕಿ ಬರುವುದಿಲ್ಲ, ಎರಡನೆಯದರಿಂದ ಬಂದ ಗಿರಾಕಿ ಮಾಲನ್ನು ಹಿಂದಿರುಗಿಸುತ್ತಾನೆ. ಎರಡರಲ್ಲಿ ಎರಡನೆಯ ನಷ್ಟವೇ ದೊಡ್ಡದು; ಬಾಡಿಗೆಯೊಡನೆ ಹೆಸರೂ ಹೋಗುತ್ತದೆ.

ಇದಕ್ಕೆ ಉಪಾಯ ಸರಳವಾಗಿದೆ. ಅಡಿಕೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ಇರಿಸಿ ಚಿತ್ರ ತೆಗೆಯಬೇಕು. ತಿದ್ದುವಾಗ ಆ ಹಾಳೆ ಬಿಳಿಯಾಗಿ ಕಾಣುವಷ್ಟು ಮಾತ್ರ ಬಣ್ಣವನ್ನು ಸರಿಪಡಿಸಿ, ಅನಂತರ ಹಾಳೆಯ ಭಾಗವನ್ನು ಕತ್ತರಿಸಿದರಾಯಿತು. ಸಿದ್ಧವಾದ ಚಿತ್ರವನ್ನು ಅದೇ ಅಡಿಕೆಯ ಪಕ್ಕದಲ್ಲಿ ಎರಡು ಬೇರೆ ಬೇರೆ ಫೋನುಗಳ ಮೇಲೆ ಹಿಡಿದು ಹೋಲಿಸುವುದು ಒಳ್ಳೆಯದು. ಗೋದಾಮಿನ ಟ್ಯೂಬ್‌ಲೈಟ್ ಒಂದು ಕಡೆ, ಬಾಗಿಲಿನ ಹಗಲು ಬೆಳಕು ಇನ್ನೊಂದು ಕಡೆ ಬೀಳುವ ಸ್ಥಳದಲ್ಲಿ ತೆಗೆದ ಚಿತ್ರವನ್ನು ಮಾತ್ರ ಯಾವ ತಂತ್ರಾಂಶವೂ ಪೂರ್ಣ ಸರಿಪಡಿಸದು. ದೀಪ ಆರಿಸಿ, ನೇರ ಬಿಸಿಲು ಬೀಳದ ಬಾಗಿಲ ಬಳಿ ತೆಗೆಯಬೇಕು. ಈ ದೃಷ್ಟಿಯಿಂದ ಮಲೆನಾಡಿನ ಮಳೆಗಾಲ ಶಾಪವೇನಲ್ಲ: ಮೋಡ ಕವಿದ ಆಕಾಶ ನೆರಳನ್ನು ಮೃದುವಾಗಿಸುತ್ತದೆ. ಆದರೆ ಆ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚಿರುವುದರಿಂದ ಬಿಳಿ ಹಾಳೆ ಆಗ ಇನ್ನೂ ಅಗತ್ಯ.

ಹಳೆಯ ಪರಿಚಯ ಪುಸ್ತಿಕೆಗಳ ಚಿತ್ರಗಳನ್ನು ತಾಣಕ್ಕೆ ಬಳಸುವವರೂ ಇದ್ದಾರೆ. ಆಫ್‌ಸೆಟ್ ಮುದ್ರಣಕ್ಕಾಗಿ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಸಿದ್ಧಪಡಿಸಿದ ಕಡತ ಪರದೆಯ ಮೇಲೆ ವಿಕೃತ ಬಣ್ಣ ತೋರಬಹುದು. ಅದನ್ನು ಪರದೆಗಳಿಗಾಗಿ 1996ರಲ್ಲಿ ರೂಪಿಸಲಾದ ಎಸ್‌ಆರ್‌ಜಿಬಿ ಮಾನಕ್ಕೆ ಪರಿವರ್ತಿಸಬೇಕು. ಮುದ್ರಿತ ಪುಟವನ್ನೇ ಸ್ಕ್ಯಾನ್ ಮಾಡಿದರೆ ಶಾಯಿಯ ಚುಕ್ಕೆಗಳು ಜಾಲರಿಯಂತೆ ಮೂಡುತ್ತವೆ. ಹೊಸದಾಗಿ ಚಿತ್ರ ತೆಗೆಸುವುದೇ ಅಗ್ಗ.

ಎರಕದ ಸಾಮಾನುಗಳು

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಂದಿನಿಂದ ಈ ಭಾಗದಲ್ಲಿ ಎರಕದ ಕಸುಬಿನ ಪರಿಚಯವಿದೆ. ಇಂದಿನ ಫೌಂಡ್ರಿ ಮತ್ತು ಯಂತ್ರಗಾರಿಕೆ ಘಟಕಗಳ ತಾಣಗಳಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆಯೆಂದರೆ ಅಳತೆಯ ಸುಳಿವೇ ಇಲ್ಲದ ಚಿತ್ರಗಳು. ಬೂದುಬಣ್ಣದ ಒಂದು ಚಕ್ರ ಅಂಗೈಯಷ್ಟಿದೆಯೋ ಎತ್ತಿನ ಗಾಡಿಯ ಗಾಲಿಯಷ್ಟಿದೆಯೋ ಚಿತ್ರದಿಂದ ತಿಳಿಯದು. ಪಕ್ಕದಲ್ಲಿ ಉಕ್ಕಿನ ಸ್ಕೇಲನ್ನು ಇರಿಸಿದ ಒಂದು ಚಿತ್ರವಾದರೂ ಇರಬೇಕು. ಕಬ್ಬಿಣದ ಮೇಲ್ಮೈಯ ಗುಣ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಫೋನಿನ ಫ್ಲಾಶ್ ಎದುರಿನಿಂದ ಬಿದ್ದು ಮೇಲ್ಮೈಯನ್ನು ಚಪ್ಪಟೆಯಾಗಿಸುತ್ತದೆ, ಯಂತ್ರದಲ್ಲಿ ಕೊರೆದ ಭಾಗಗಳನ್ನು ಬಿಳಿಯ ಕಲೆಯಾಗಿಸುತ್ತದೆ. ತುಕ್ಕಿನ ಮೊದಲ ಕೆಂಪು ಮೂಡುವ ಮೊದಲೇ ಒರೆಸಿ ಚಿತ್ರ ತೆಗೆಯಬೇಕೆಂಬುದನ್ನು ಮಳೆಗಾಲ ಕಂಡವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಗಂಭೀರವಾದುದು. ಗಿರಾಕಿಯ ನಕ್ಷೆಯಂತೆ ತಯಾರಿಸಿದ ಬಿಡಿಭಾಗದ ವಿನ್ಯಾಸ ಗಿರಾಕಿಯದು. ಅದರ ಚಿತ್ರವನ್ನು, ಎರಕದಲ್ಲಿ ಮೂಡಿರುವ ಅವರ ಲಾಂಛನ ಹಾಗೂ ಭಾಗದ ಸಂಖ್ಯೆ ಕಾಣುವಂತೆ, ಅನುಮತಿಯಿಲ್ಲದೆ ಪ್ರಕಟಿಸಿದರೆ ಗೋಪ್ಯತೆಯ ಕರಾರಿನ ಉಲ್ಲಂಘನೆಯಾಗಬಹುದು. ಹೊಸ ಗಿರಾಕಿಗಾಗಿ ಹಾಕಿದ ಚಿತ್ರದಿಂದ ಹಳೆಯ ಗಿರಾಕಿಯನ್ನು ಕಳೆದುಕೊಳ್ಳುವ ಪ್ರಮೇಯ ಬೇಡ. ಲಿಖಿತ ಒಪ್ಪಿಗೆ ಪಡೆಯಬೇಕು, ಇಲ್ಲವೇ ಸ್ವಂತ ವಿನ್ಯಾಸದ ಭಾಗಗಳನ್ನೇ ತೋರಿಸಬೇಕು. ಹಿನ್ನೆಲೆಯಲ್ಲಿ ಗೋಡೆಗೆ ತೂಗುಹಾಕಿದ ನಕ್ಷೆಗಳು, ಉತ್ಪಾದನೆಯ ಫಲಕಗಳು ಸೇರದಂತೆಯೂ ನೋಡಿಕೊಳ್ಳಬೇಕು. ಫೋನಿನ ಚಿತ್ರದ ಕಡತದೊಳಗೆ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳೂ ದಾಖಲಾಗಿರಬಹುದು. ಗೋದಾಮಿನಲ್ಲಿ ಮಾಲು ದಾಸ್ತಾನಿರುವ ವರ್ತಕರು ಏರಿಸುವ ಮುನ್ನ ಅದನ್ನು ಅಳಿಸಿಹಾಕುವುದು ಲೇಸು.

ಇತರ ಕೆಲವು ಸೂಚನೆಗಳು

ಅನ್ಯರ ತಾಣದಿಂದ ಚಿತ್ರ ತೆಗೆದುಕೊಳ್ಳುವುದು 1957ರ ಕೃತಿಸ್ವಾಮ್ಯ ಕಾಯಿದೆಯನ್ನು ಮೀರಿದಂತೆ. ಅದಕ್ಕೂ ಮಿಗಿಲಾಗಿ ಅದು ತನ್ನದಲ್ಲದ ಮಾಲನ್ನು ತೋರಿಸಿದಂತೆ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದಲ್ಲಿ, ಸಾಮಾನ್ಯವಾಗಿ ತೆಗೆಸಿದವರದೇ ಎಂದು ಅದೇ ಕಾಯಿದೆಯ 17ನೇ ಕಲಮು ಹೇಳುತ್ತದೆ. ಆದರೂ ಬಿಲ್ಲಿನಲ್ಲಿ ಒಂದು ಸಾಲು ಬರೆಸಿಕೊಂಡರೆ ಮುಂದೆ ವಾದವಿರದು.

ಕ್ಯಾಮೆರಾ ಕೊಟ್ಟ ಸಂಖ್ಯೆಯ ಬದಲು ಕಡತಕ್ಕೆ ಸರಕಿನ ಹೆಸರನ್ನೇ ಇಡಬೇಕು. ಪ್ರತಿ ಚಿತ್ರಕ್ಕೂ ಬದಲಿ ಪಠ್ಯವೆಂಬ ಒಂದು ಸಾಲಿನ ವಿವರಣೆಯನ್ನು ಸೇರಿಸಬೇಕು. ಹುಡುಕಾಟದ ಯಂತ್ರಗಳು ಅದನ್ನು ಓದುತ್ತವೆ. ದೃಷ್ಟಿಯಿಲ್ಲದವರ ಗಣಕಯಂತ್ರವೂ ಅದನ್ನೇ ಓದಿ ಹೇಳುತ್ತದೆ. ದರಪಟ್ಟಿಯನ್ನೋ ಅಳತೆಯ ಕೋಷ್ಟಕವನ್ನೋ ಚಿತ್ರವಾಗಿ ಅಂಟಿಸುವ ಪದ್ಧತಿಯನ್ನಂತೂ ಬಿಡಬೇಕು: ಅಕ್ಷರ ಅಕ್ಷರವಾಗಿಯೇ ಇದ್ದರೆ ಹಿಗ್ಗಿಸಿ ಓದಬಹುದು, ನಕಲು ಮಾಡಿಕೊಳ್ಳಬಹುದು, ದರ ಬದಲಾದ ದಿನವೇ ತಿದ್ದಬಹುದು.

ಎಲ್ಲವೂ ಸಿದ್ಧವಾದ ಮೇಲೆ ತಾಣವನ್ನು ಕಚೇರಿಯ ವೈ-ಫೈ ಸಂಪರ್ಕದಲ್ಲಿ ನೋಡಿ ತೃಪ್ತರಾಗದೆ, ಕಡಿಮೆ ಬೆಲೆಯ ಫೋನೊಂದರಲ್ಲಿ, ಮೊಬೈಲ್ ಡೇಟಾದ ಮೇಲೆ, ಹೊರಗೆ ನಿಂತು ತೆರೆದು ನೋಡಬೇಕು. ಅಡಿಕೆಯಂತಹ ಸರಕಿನ ಚಿತ್ರಗಳನ್ನು ಪ್ರತಿ ಕೊಯ್ಲಿನ ನಂತರ ಹೊಸದಾಗಿ ತೆಗೆದು, ತೆಗೆದ ತಿಂಗಳು ಮತ್ತು ವರ್ಷವನ್ನು ಚಿತ್ರದ ಕೆಳಗೆ ನಮೂದಿಸಿ, ಹಳೆಯವನ್ನು ತೆಗೆದುಹಾಕತಕ್ಕದ್ದು.