ತಂತಿ ಮೂರೇ, ಸುದ್ದಿ ಮೇಲೆ ಬಂದದ್ದು ಹೇಗೆ?

ಎಣ್ಣೆಬಾವಿಯ ತಳದಲ್ಲಿ ಕೂತ ಪಂಪಿಗೆ ಕರೆಂಟು ಇಳಿಯುವುದು ಮೂರು ತಂತಿಗಳಲ್ಲಿ. ಅಲ್ಲಿ ಒತ್ತಡ ಎಷ್ಟಿದೆ, ಮೋಟರು ಎಷ್ಟು ಕಾದಿದೆ, ಎಷ್ಟು ಅದುರುತ್ತಿದೆ ಎಂಬ ಲೆಕ್ಕ ಮೇಲೆ ಬರುವುದೂ ಅದೇ ಮೂರರಲ್ಲಿ. ನಾಲ್ಕನೆಯ ತಂತಿ ಇಲ್ಲ. ಮೋಟರಿಗೆ ಸಾವಿರಾರು ವೋಲ್ಟ್ ಬೇಕು. ಲೆಕ್ಕ ಕಳಿಸುವ ಗೇಜಿಗೆ ಕೆಲವೇ ಮಿಲಿಆಂಪಿಯರ್ ಸಾಕು. ಇವೆರಡನ್ನೂ ಒಂದೇ ಕೇಬಲ್ಲಿನಲ್ಲಿ ಹಾಯಿಸುವ ಉಪಾಯ ರೂಢಿಗೆ ಬರುವ ಹೊತ್ತಿಗೆ ಪಂಪು ಹುಟ್ಟಿ ದಶಕಗಳೇ ಕಳೆದಿದ್ದವು.

ಪಂಪಿನ ಜನಕ ಅರ್ಮೈಸ್ ಅರುತುನೋಫ್. 1893ರಲ್ಲಿ ಟಿಫ್ಲಿಸ್‌ನಲ್ಲಿ, ಅಂದರೆ ಈಗಿನ ಜಾರ್ಜಿಯಾದ ತ್ಬಿಲಿಸಿಯಲ್ಲಿ, ಅರ್ಮೇನಿಯನ್ ಮನೆತನದಲ್ಲಿ ಹುಟ್ಟಿದವನು. 1911ರಲ್ಲಿ ಯೆಕಟೆರಿನೊಸ್ಲಾವ್ ಊರಿನಲ್ಲಿ ಸ್ವಂತ ಕಂಪನಿ ತೆರೆದ. ‘ರಷ್ಯನ್ ಎಲೆಕ್ಟ್ರಿಕಲ್ ಡೈನಮೋ ಆಫ್ ಅರುತುನೋಫ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳೇ ‘ರೆಡಾ’. ರಷ್ಯದ ಕ್ರಾಂತಿಯ ನಂತರ ಬರ್ಲಿನ್‌ಗೆ, 1923ರಲ್ಲಿ ಅಮೆರಿಕಕ್ಕೆ ಹೋದ. ಫಿಲಿಪ್ಸ್ ಪೆಟ್ರೋಲಿಯಂನ ಫ್ರಾಂಕ್ ಫಿಲಿಪ್ಸ್ ಬೆಂಬಲಕ್ಕೆ ನಿಂತ ಮೇಲೆ ಓಕ್ಲಹೋಮಾದ ಬಾರ್ಟಲ್ಸ್‌ವಿಲ್‌ನಲ್ಲಿ ನೆಲೆ ಸಿಕ್ಕಿತು. ಅಲ್ಲಿ ತೆರೆದ ಕಂಪನಿಗೆ 1930ರಲ್ಲಿ ‘ರೆಡಾ’ ಎಂಬ ಹಳೆಯ ಹೆಸರೇ ಮರಳಿತು. ತೆಳ್ಳನೆಯ ಬೇಲಿಗೂಟವೊಂದು ಬಾವಿಯ ತಳದಲ್ಲಿ ತಲೆಕೆಳಗಾಗಿ ನಿಂತು ಎಣ್ಣೆಯನ್ನು ಕಾಲಿನಿಂದ ಮೇಲಕ್ಕೆ ಒದೆಯುತ್ತದೆ ಎಂಬರ್ಥದಲ್ಲಿ 1936ರಲ್ಲಿ ತುಲ್ಸಾದ ಪತ್ರಿಕೆಯೊಂದು ಈ ಯಂತ್ರವನ್ನು ಬಣ್ಣಿಸಿತು. ವಿಜ್ಞಾನದ ವರದಿಗಾರರು ಇಷ್ಟು ಚೆನ್ನಾಗಿ ಬರೆಯುವುದು ಅಪರೂಪ.

ಬೇಲಿಗೂಟದಂತಾಗದೆ ಬೇರೆ ದಾರಿಯಿರಲಿಲ್ಲ. ಬಾವಿಗೆ ಗೋಡೆಯಾಗಿ ಇಳಿಸುವ ಕೇಸಿಂಗ್ ಪೈಪಿನ ಒಂದು ಬಗೆಯ ಹೊರ ಅಳತೆಯೇ 7 ಇಂಚು. ಅದರೊಳಗೆ ಇಳಿಸುವ ಒಂದು ಬಗೆಯ ಮೋಟರಿನ ದಪ್ಪ 5.62 ಇಂಚು. ಅಡ್ಡಕ್ಕೆ ಬೆಳೆಯಲಾಗದ್ದು ಉದ್ದಕ್ಕೆ ಬೆಳೆಯಬೇಕು. ಹಾಗಾಗಿ ಇದು ತುಂಡು ತುಂಡಾಗಿ ಬಂದು ಬಾವಿಯ ಬಾಯಲ್ಲಿ ಬೋಲ್ಟ್ ಬಿಗಿದು ಜೋಡಿಸಿಕೊಳ್ಳುವ ಯಂತ್ರ. ಕೆಳಗೆ ಎಣ್ಣೆ ತುಂಬಿದ ಮೋಟರು, ಅದರ ಮೇಲೆ ಹೊರಗಿನ ಒತ್ತಡಕ್ಕೆ ಒಳಗಿನದನ್ನು ಸರಿದೂಗಿಸುವ ರಕ್ಷಕ ಕೋಣೆ, ಆಮೇಲೆ ಹೀರುಬಾಯಿ, ಮೇಲೆ ಎಣ್ಣೆಯನ್ನು ತಿರುಗಿಸಿ ತಳ್ಳುವ ಚಕ್ರಗಳಾದ ಇಂಪೆಲ್ಲರುಗಳ ಸಾಲು. ಇನ್ನೂ ಆಳದಿಂದ ಎತ್ತಬೇಕೆಂದರೆ ಇಂಪೆಲ್ಲರುಗಳು ಹೆಚ್ಚುತ್ತವೆ, ಶಕ್ತಿ ಸಾಲದಿದ್ದರೆ ಒಂದರ ಕೆಳಗೊಂದು ಎರಡು ಮೋಟರು ಬರುತ್ತವೆ. ಪಕ್ಕದಲ್ಲಿ ಉಳಿಯುವ ಸಂದಿಯಲ್ಲಿ ದುಂಡನೆಯ ಕೇಬಲ್ಲೂ ತೂರದು. ಪಂಪಿನ ಮಗ್ಗುಲಿಗೆ ಬಂದಾಗ ಅದು ಚಪ್ಪಟೆಯಾಗಬೇಕು. ಇಂಥಲ್ಲಿ ಗೇಜಿಗೆಂದೇ ಇನ್ನೊಂದು ತಂತಿ ಇಳಿಸಿದರೆ ಅದು ಪೈಪಿಗೂ ಕೇಸಿಂಗಿಗೂ ನಡುವೆ ಜಜ್ಜಿಹೋಗುವ ಅಪಾಯ ಉಂಟು. ಬಾವಿಯ ಮುಚ್ಚಳದಲ್ಲಿ ಮತ್ತೊಂದು ತೂತು, ಸೋರುವುದಕ್ಕೆ ಮತ್ತೊಂದು ಜಾಗ.

ಆದ್ದರಿಂದ ಬಹಳ ಕಾಲ ಊಹೆಯ ಮೇಲೆಯೇ ನಡೆಯಿತು. 1930ರ ದಶಕದಲ್ಲಿ ಬಾವಿಯ ಬಾಯಲ್ಲಿ ಸದ್ದು ಮಾಡಿ, ಕೆಳಗಿನ ದ್ರವದ ಮೇಲ್ಮೈಗೆ ಬಡಿದು ಮರಳುವ ಪ್ರತಿಧ್ವನಿಯಿಂದ ಮಟ್ಟ ಲೆಕ್ಕ ಹಾಕುವ ಪದ್ಧತಿ ಬಂತು. ಇನ್ನೊಂದು ಆಧಾರ ಆಂಪಿಯರ್ ಚಾರ್ಟು: ನಿಧಾನ ತಿರುಗುವ ದುಂಡು ಕಾಗದದ ಮೇಲೆ ಪೆನ್ನೊಂದು ಮೋಟರು ಎಳೆಯುವ ಕರೆಂಟನ್ನು ಗೀಚುತ್ತಾ ಹೋಗುತ್ತದೆ. ಗೀಟು ಹಲ್ಲುಹಲ್ಲಾಗಿದ್ದರೆ ಪಂಪಿಗೆ ಗ್ಯಾಸು ನುಗ್ಗಿದೆ, ಇಳಿಯುತ್ತಾ ಹೋಗಿ ನಿಂತರೆ ಬಾವಿ ಬರಿದಾಗಿದೆ. ಪಳಗಿದ ಕೆಲಸಗಾರ ಈ ಕಾಗದದಲ್ಲಿ ಓದುತ್ತಿದ್ದ ಸಂಗತಿಗಳನ್ನು ಕೀಳಾಗಿ ಕಾಣಬಾರದು. ಆದರೆ ಮೋಟರು ಒಳಗೊಳಗೇ ಕಾಯುತ್ತಿರುವುದನ್ನು ಆ ಕಾಗದ ನೇರವಾಗಿ ಹೇಳುತ್ತಿರಲಿಲ್ಲ.

ಉಪಾಯ ಅಡಗಿದ್ದದ್ದು ಮೋಟರಿನೊಳಗೇ. ಮೂರು ಫೇಸಿನ ವೈಂಡಿಂಗ್‌ಗಳ ಕೊನೆಗಳು ಒಟ್ಟಿಗೆ ಸೇರುವ ಜಾಗವೊಂದಿದೆ. ಸ್ಟಾರ್ ಪಾಯಿಂಟ್ ಎನ್ನುತ್ತಾರೆ. ಮೂರೂ ಫೇಸು ಸಮನಾಗಿದ್ದರೆ ಅಲ್ಲಿ ಒಂದರ ಏರಿಳಿತವನ್ನು ಉಳಿದೆರಡು ಅಳಿಸಿಹಾಕಿ ವೋಲ್ಟೇಜು ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಸಾವಿರಾರು ವೋಲ್ಟಿನ ಯಂತ್ರದಲ್ಲಿ ಸೂಕ್ಷ್ಮ ಸಾಧನವೊಂದನ್ನು ತಗುಲಿಸಬಹುದಾದ ತಾವು ಅದೇ. ಮೋಟರಿನ ಬುಡಕ್ಕೆ ಗೇಜನ್ನು ಬಿಗಿದು ಸ್ಟಾರ್ ಪಾಯಿಂಟಿಗೆ ಜೋಡಿಸಿದರು. ಮೇಲೆ, ಮೂರು ಫೇಸಿಗೂ ಚೋಕ್ ಸುರುಳಿಗಳ ಮೂಲಕ ಸ್ವಲ್ಪ ಡಿಸಿ ಕರೆಂಟು ಸೇರಿಸಿದರು. ಚೋಕು ಎಸಿಯನ್ನು ತಡೆಯುತ್ತದೆ, ಡಿಸಿಯನ್ನು ಬಿಡುತ್ತದೆ. ಆ ಡಿಸಿ ಮೂರು ತಂತಿಯಲ್ಲೂ ಇಳಿದು, ವೈಂಡಿಂಗ್ ದಾಟಿ, ಸ್ಟಾರ್ ಪಾಯಿಂಟಿನಲ್ಲಿ ಕೂಡಿ, ಇನ್ನೊಂದು ಚೋಕನ್ನು ಹಾದು ಗೇಜಿಗೆ ಊಟವಾಗುತ್ತದೆ. ಮರಳುವುದು ಪಂಪು ತೂಗಿರುವ ಕಬ್ಬಿಣದ ಪೈಪಿನ ಮೂಲಕ. ಗೇಜು ತಾನು ಎಳೆಯುವ ಕರೆಂಟನ್ನು ಕೊಂಚ ಏರಿಸಿ ಇಳಿಸಿ ಅಂಕಿಗಳನ್ನು ಮೇಲೆ ದಾಟಿಸುತ್ತದೆ. ಎರಡು ಮೋಟರು ಜೋಡಿಸಿದಾಗ ಮೇಲಿನದಕ್ಕೆ ಸ್ಟಾರ್ ಪಾಯಿಂಟ್ ಇಟ್ಟಿರುವುದಿಲ್ಲ. ಅದರ ಫೇಸುಗಳು ಕೆಳಗಿನ ಮೋಟರಿನಲ್ಲೇ ಕೂಡುತ್ತವೆ, ಗೇಜು ಅದರಡಿಗೆ ಹೋಗುತ್ತದೆ.

ಒಂದು ತೊಡಕು ಮಾತ್ರ ಈ ಜಾಣತನದ ಬೆನ್ನಿಗೇ ಹುಟ್ಟಿದ್ದು. ಕೇಬಲ್ಲಿನ ಒಂದು ಫೇಸು ಎಲ್ಲಾದರೂ ಇನ್ಸುಲೇಷನ್ ಕಳೆದುಕೊಂಡು ಪೈಪಿಗೆ ತಾಗಿತೆನ್ನಿ. ನೆಲದಿಂದ ಬೇರ್ಪಡಿಸಿದ ವ್ಯವಸ್ಥೆಯಾದ್ದರಿಂದ ಪಂಪು ಇನ್ನೂ ಎಷ್ಟೋ ಕಾಲ ಓಡಬಹುದು. ಆದರೆ ಸ್ಟಾರ್ ಪಾಯಿಂಟ್ ಸೊನ್ನೆಯಲ್ಲಿ ಉಳಿಯುವುದಿಲ್ಲ, ಡಿಸಿಯೂ ಅಡ್ಡದಾರಿ ಹಿಡಿಯುತ್ತದೆ. ಗೇಜಿನ ಮಾತು ನಿಲ್ಲುತ್ತದೆ. ಕಾಯಿಲೆ ಶುರುವಾದ ಗಳಿಗೆಯಲ್ಲೇ ನಾಡಿ ಸಿಗದಂತಾಗುವ ಈ ಏರ್ಪಾಡು ನನಗಂತೂ ಅರ್ಧ ಗೆಲುವಾಗಿಯೇ ಕಾಣುತ್ತದೆ. ಗೇಜೊಂದಕ್ಕಾಗಿ ನಡೆಯುವ ಪಂಪನ್ನು ಎತ್ತಿಸುವಷ್ಟು ಹಣ ಯಾರೂ ಸುರಿಯುವುದಿಲ್ಲ. ಮತ್ತೆ ಆಂಪಿಯರ್ ನೋಡಿಕೊಂಡೇ ಕಾಲ ತಳ್ಳುತ್ತಾರೆ.

ನಮ್ಮ ಕೋಲಾರ, ಚಿತ್ರದುರ್ಗದ ಕಡೆ ಕೊಳವೆಬಾವಿಗೆ ಇಳಿಸುವ ಮೋಟರೂ ಇದೇ ವಂಶದ್ದು: ಕೆಳಗೆ ಮೋಟರು, ಮೇಲೆ ಪಂಪು. ಆದರೂ ಎಣ್ಣೆಬಾವಿಯ ಉಪಾಯ ಇಲ್ಲಿ ಹಾಗೇ ನಡೆಯದು. ಸ್ಟಾರ್-ಡೆಲ್ಟಾ ಸ್ಟಾರ್ಟರಿನ ದೊಡ್ಡ ಮೋಟರಿಗೆ ಆರು ತಂತಿ ಇಳಿದಿರುತ್ತವೆ. ಫೇಸುಗಳ ಕೊನೆ ಕೂಡುವುದು ಮೇಲಿನ ಡಬ್ಬಿಯಲ್ಲಿ, ಅದೂ ಕೆಲವು ಸೆಕೆಂಡು ಮಾತ್ರ. ಆಮೇಲೆ ವೈಂಡಿಂಗ್‌ಗಳು ಒಂದರ ಕೊನೆಗೊಂದು ಸೇರಿ ತ್ರಿಕೋನವಾಗುತ್ತವೆ. ಅದೇ ಡೆಲ್ಟಾ, ಅಲ್ಲಿ ಸೊನ್ನೆಯ ಜಾಗವೇ ಇಲ್ಲ. ಡೆನ್ಮಾರ್ಕಿನ ಗ್ರಂಡ್‌ಫೋಸ್ ಕಂಪನಿ ನೀರಿನ ಪಂಪಿಗೆ ಬೇರೆ ದಾರಿ ಹಿಡಿಯಿತು: ಮೋಟರಿನೊಳಗಿನ ಶಾಖದ ಸೆನ್ಸರು ಕರೆಂಟಿನ ತಂತಿಯ ಮೇಲೆಯೇ ಸಂಕೇತ ಹೇರಿ ಮೇಲಿನ ರಕ್ಷಣಾ ಘಟಕಕ್ಕೆ ಅಳತೆ ತಿಳಿಸುತ್ತದೆ.

ರೈತನ ಮಟ್ಟಿಗೆ ಪ್ರಚಾರಕ್ಕೆ ಬಂದದ್ದು ಡ್ರೈ ರನ್ ಪ್ರಿವೆಂಟರ್, ಅಂದರೆ ನೀರಿಲ್ಲದೆ ಮೋಟರು ಓಡುವುದನ್ನು ತಡೆಯುವ ಡಬ್ಬಿ. ನೀರು ಸಿಗದ ಇಂಪೆಲ್ಲರಿಗೆ ಹೊರೆಯಿಲ್ಲ, ಹೊರೆ ಇಳಿದರೆ ಕರೆಂಟೂ ಇಳಿಯುತ್ತದೆ. ಅದನ್ನು ನೋಡಿ ಈ ಡಬ್ಬಿ ಮೋಟರನ್ನು ಆಫ್ ಮಾಡುತ್ತದೆ. ಬಾವಿಯೊಳಗೆ ಏನನ್ನೂ ಇಳಿಸುವ ಖರ್ಚಿಲ್ಲ. ತೊಂದರೆ ಹಳ್ಳಿಯ ಲೈನಿನದು. ವೋಲ್ಟೇಜು ಏರಿಳಿದಾಗ ಮೋಟರು ಎಳೆಯುವ ಕರೆಂಟೂ ಬದಲಾಗುತ್ತದೆ. ನೀರಿಲ್ಲದ್ದರಿಂದ ಆದ ಇಳಿತ ಆ ಏರುಪೇರಿನಲ್ಲಿ ಮುಚ್ಚಿಹೋಗಬಹುದು. ಅದಕ್ಕೇ ಡಬ್ಬಿಯ ಸೆಟ್ಟಿಂಗ್ ತಿರುಪನ್ನು ಯಾವ ವೋಲ್ಟೇಜಿನಲ್ಲಿ ತಿರುಗಿಸಿಟ್ಟರು ಎಂಬುದರ ಮೇಲೆ ವೈಂಡಿಂಗ್ ಉಳಿಯುವುದೋ ಸುಡುವುದೋ ನಿಂತಿರುತ್ತದೆ.