ನಗರದ ಬೆಳವಣಿಗೆ ಮತ್ತು ಬಡವರ ನೆಲೆ

ಹಾಲ್ಕುರಿಕೆಯೂ ಸೇರಿದಂತೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಿಂದ ಉದ್ಯೋಗವನ್ನರಸಿ ಬೆಂಗಳೂರನ್ನು ಸೇರಿದವರು ಅನೇಕರು. ಅವರಲ್ಲಿ ವಿದ್ಯಾವಂತರಿಗೆ ಬಡಾವಣೆಗಳಲ್ಲಿ ಮನೆ ದೊರೆಯುತ್ತದೆ. ಕೂಲಿಯನ್ನೇ ನಂಬಿದವರಿಗೆ ದೊರೆಯುವುದು ಕೊಳಗೇರಿಯ ಒಂದು ಕೋಣೆ. ನಗರ ಬೆಳೆದಂತೆ ಆ ಕೋಣೆಯೂ ಕೈತಪ್ಪುವುದೇಕೆಂಬುದು ವಿಚಾರಾರ್ಹವಾದ ಸಂಗತಿ.

ಈ ಸ್ಥಳಾಂತರವು ಎರಡು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು ಸದ್ದಿಲ್ಲದ್ದು. ಕೇರಿಗೆ ಒಳ್ಳೆಯ ರಸ್ತೆ, ನೀರು, ದೀಪ ಬಂದೊಡನೆ ಉಳ್ಳವರ ದೃಷ್ಟಿ ಅತ್ತ ಹರಿಯುತ್ತದೆ. ನಿವೇಶನದ ಬೆಲೆ ಏರುತ್ತದೆ. ಬಾಡಿಗೆ ತೆರಲಾರದವನು ಗಂಟುಮೂಟೆ ಕಟ್ಟುತ್ತಾನೆ. ಲಂಡನ್ನಿನ ದುಡಿಯುವ ಜನರ ಕೇರಿಗಳಲ್ಲಿ ಇದನ್ನು ಗುರುತಿಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಇದಕ್ಕೆ ‘ಜೆಂಟ್ರಿಫಿಕೇಷನ್’ ಎಂದು ಹೆಸರಿಟ್ಟರು.

ಎರಡನೆಯದು ಬಲವಂತದ ತೆರವು. ಬೆಂಗಳೂರಿನ ಕೋರಮಂಗಲಕ್ಕೆ ಹೊಂದಿದ ಈಜೀಪುರದಲ್ಲಿ ದುರ್ಬಲ ವರ್ಗದವರಿಗಾಗಿ ನಗರಪಾಲಿಕೆ ಕಟ್ಟಿಸಿದ್ದ ವಸತಿಗೃಹಗಳು ಶಿಥಿಲಗೊಂಡು ಕುಸಿದವು. ನಿವಾಸಿಗಳು ಅಲ್ಲಿಯೇ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಳೆದರು. ಆ ನೆಲದ ಒಂದು ಭಾಗದಲ್ಲಿ ವಾಣಿಜ್ಯ ಸಂಕೀರ್ಣ, ಉಳಿದುದರಲ್ಲಿ ಬಡವರ ಮನೆ ಎಂಬ ಒಪ್ಪಂದವು ಖಾಸಗಿ ಸಂಸ್ಥೆಯೊಡನೆ ಏರ್ಪಟ್ಟಿತು. 2013ರ ಜನವರಿಯಲ್ಲಿ ಶೆಡ್ಡುಗಳನ್ನು ಕೆಡವಲಾಯಿತು. ಸಾವಿರಾರು ಜನ ಬೀದಿಗೆ ಬಂದರು.

ಕಾನೂನಿನ ಆಸರೆ ಇಲ್ಲವೆಂದಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಅಧಿನಿಯಮದ ಹೆಸರಿನಲ್ಲಿಯೇ ಅಭಿವೃದ್ಧಿ, ನಿರ್ಮೂಲನ ಎಂಬೆರಡು ಮಾತುಗಳಿವೆ. ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಮುಂಬಯಿಯ ಕಾಲುದಾರಿವಾಸಿಗಳ ಮೊಕದ್ದಮೆಯಲ್ಲಿ ಸಾರಿತು. ಆದರೆ ಕ್ರಮಬದ್ಧವಾದ ತೆರವನ್ನು ಅದು ನಿಷೇಧಿಸಲಿಲ್ಲ. ಹಕ್ಕುಪತ್ರವಿದ್ದವನು ನ್ಯಾಯ ಕೇಳಬಲ್ಲ. ಅದೇ ಕೇರಿಯ ಬಾಡಿಗೆದಾರನಿಗೆ ಆ ಆಧಾರವೂ ಇಲ್ಲ.

ಊರಾಚೆ ಬೇರೆ ಮನೆ ಕೊಟ್ಟರೆ ಸಾಲದೆ ಎಂದು ಕೇಳುವವರುಂಟು. ಸಸಿಯನ್ನು ಕಿತ್ತು ನೆಡುವಷ್ಟು ಸುಲಭವಾಗಿ ಫಲಕ್ಕೆ ಬಂದ ತೆಂಗನ್ನು ಕಿತ್ತು ನೆಡಲಾಗದೆಂಬುದು ಈ ಸೀಮೆಯ ರೈತನಿಗೆ ತಿಳಿದದ್ದೇ. ಮನೆಗೆಲಸದಾಕೆಗೆ ನಡೆದು ಹೋಗುವಷ್ಟು ಹತ್ತಿರದ ಮನೆಗಳು, ಮಗುವಿಗೆ ಶಾಲೆ, ಕಷ್ಟಕ್ಕೆ ಕೈಸಾಲ ಕೊಡುವ ನೆರೆಯವರು, ಇವೇ ಬಡವನ ಬೇರುಗಳು. ದೂರದ ಮನೆಯಿಂದ ಬಸ್ಸಿನ ಖರ್ಚಿಗೇ ಕೂಲಿಯ ಪಾಲು ಸಲ್ಲುತ್ತದೆ. ಮಗುವಿನ ಓದು ನಡುವೆಯೇ ನಿಲ್ಲುತ್ತದೆ.

ಕಾಯಕವನ್ನು ಪೂಜ್ಯವೆಂದು ಸಾರಿದ ಶರಣರ ನಾಡಿನಲ್ಲಿ ಕಾಯಕಜೀವಿಗೆ ಅದರ ಸಮೀಪದಲ್ಲಿ ನೆಲೆಯಿಲ್ಲದಿರುವುದು ಶೋಭೆಯಲ್ಲ. ಇದ್ದಲ್ಲಿಯೇ ಮನೆ, ಬಾಡಿಗೆದಾರನನ್ನೂ ಒಳಗೊಂಡ ಎಣಿಕೆ, ಕೆಡಹುವ ಮೊದಲು ಬದಲಿ ವಸತಿ, ಈ ಮೂರೂ ಅವಶ್ಯ. ಇಂತಹ ಶಾಲೆಗಳಲ್ಲಿ ಕಲಿತು ಎಂಜಿನಿಯರರೂ ಅಧಿಕಾರಿಗಳೂ ಆದವರು ನಗರದ ನಕ್ಷೆಯನ್ನು ಬಿಡಿಸುವಾಗ ಈ ಮೂರನ್ನು ನೆನೆದರೆ, ಅದೂ ದಾಸೋಹವೇ ಸರಿ.