ಕೆರೆಯ ಮೇಲೊಂದು ಕಾಣದ ಪೈಪೋಟಿ

ಮಳೆ ಬಿಟ್ಟು ಬಿಸಿಲು ಬಂದ ಬೆಳಿಗ್ಗೆ ಕೆಂಗೇರಿ ಕೆರೆಯ ಏರಿಯ ಮೇಲೋ, ಮಲ್ಲತ್ತಹಳ್ಳಿ ಕೆರೆಯ ದಂಡೆಯಲ್ಲೋ ಸ್ವಲ್ಪ ಹೊತ್ತು ನಿಂತರೆ ಏರೋಪ್ಲೇನ್ ಚಿಟ್ಟೆಗಳ ಹಾರಾಟ ಕಾಣಸಿಗುತ್ತದೆ. ಕೆಲವು ಒಂದರ ಹಿಂದೊಂದು ಅಂಟಿಕೊಂಡಂತೆ ಜೋಡಿಯಾಗಿ ಹಾರುತ್ತಿರುತ್ತವೆ. ಮುಂದಿನದು ಗಂಡು, ಹಿಂದಿನದು ಹೆಣ್ಣು. ಗಂಡು ತನ್ನ ಬಾಲದ ತುದಿಯ ಕೊಂಡಿಯಿಂದ ಹೆಣ್ಣಿನ ತಲೆಯನ್ನು ಹಿಡಿದುಕೊಂಡಿರುತ್ತದೆ. ಹೆಣ್ಣು ಆಗಾಗ ಕೆಳಗಿಳಿದು, ನೀರಿಗೆ ಬಾಲ ತಾಗಿಸಿ ಮೊಟ್ಟೆ ಇಡುತ್ತದೆ. ಮಿಲನವೇನೋ ಮುಗಿದಿದೆ. ಆದರೂ ಗಂಡು ಹಿಡಿತ ಸಡಿಲಿಸುವುದಿಲ್ಲ. ಏಕೆ?

ಪ್ರೀತಿಯಿಂದ ಎಂದು ಕವಿಗಳು ಹೇಳಬಹುದು. ಜೀವವಿಜ್ಞಾನ ಕೊಡುವ ಉತ್ತರ ಬೇರೆ.

ಮಿಲನದ ನಂತರವೂ ಸ್ಪರ್ಧೆ

ಹೆಣ್ಣಿಗಾಗಿ ಗಂಡುಗಳು ಕಾದಾಡುವುದು ಹಳೆಯ ಸಂಗತಿ. ನವಿಲಿನ ಗರಿ, ಸಾರಂಗದ ಕೊಂಬುಗಳೆಲ್ಲ ಈ ಪೈಪೋಟಿಯ ಫಲವೆಂದು ಡಾರ್ವಿನ್ 1871ರಲ್ಲೇ ವಿವರಿಸಿದ್ದ. ಮಿಲನವಾದೊಡನೆ ಸ್ಪರ್ಧೆ ಮುಗಿಯಿತೆಂದೇ ಬಹುಕಾಲ ಭಾವಿಸಲಾಗಿತ್ತು. ಹಾಗಲ್ಲವೆಂದು 1970ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜೆಫ್ರಿ ಪಾರ್ಕರ್. ಸಗಣಿಯ ಮೇಲೆ ಕೂಡುವ ನೊಣಗಳನ್ನು ಅಭ್ಯಸಿಸಿದ ಅವರು, ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಿದರೆ ಆ ಗಂಡುಗಳ ವೀರ್ಯಾಣುಗಳ ನಡುವೆಯೇ ಪೈಪೋಟಿ ಮುಂದುವರಿಯುತ್ತದೆ ಎಂದರು. ಇದೇ 'ವೀರ್ಯಾಣು ಸ್ಪರ್ಧೆ'.

ಇದನ್ನು ಲಾಟರಿಗೆ ಹೋಲಿಸಬಹುದು. ಬಹುಮಾನ ಒಂದೇ ಇರುವಾಗ ಹೆಚ್ಚು ಟಿಕೆಟ್ ಕೊಂಡವನಿಗೆ ಗೆಲ್ಲುವ ಅವಕಾಶ ಹೆಚ್ಚು. ಒಂದು ಅಂಡಕ್ಕೆ ಒಂದೇ ವೀರ್ಯಾಣು ಸಾಕಾದರೂ ಗಂಡುಗಳು ಲಕ್ಷ, ಕೋಟಿಗಳ ಲೆಕ್ಕದಲ್ಲಿ ಅವನ್ನು ತಯಾರಿಸುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಉಪಾಯವೂ ಇದೆ: ಎದುರಾಳಿಯ ಟಿಕೆಟ್‌ಗಳನ್ನೇ ಹರಿದು ಹಾಕುವುದು!

ಏರೋಪ್ಲೇನ್ ಚಿಟ್ಟೆಯ ಸೋದರ ಬಳಗವಾದ ಸೂಜಿಯಂಥ ಸಪೂರ ಮೈಯ ಕೀಟಗಳಲ್ಲಿ ಇದೇ ನಡೆಯುತ್ತದೆಂದು 1979ರಲ್ಲಿ ಅಮೆರಿಕದ ಜೊನಾಥನ್ ವಾಗೆ ಕಂಡುಹಿಡಿದರು. ಇವುಗಳಲ್ಲಿ ಹೆಣ್ಣು ವೀರ್ಯವನ್ನು ಒಂದು ಚೀಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮೊಟ್ಟೆ ಫಲಿತವಾಗುವುದು ಅದು ಹೊರಬರುವ ಹೊತ್ತಿನಲ್ಲಿ. ಗಂಡಿನ ಅಂಗದಲ್ಲಿ ಸಣ್ಣ ಸಣ್ಣ ಮುಳ್ಳುಗಳಿವೆ. ಮೊದಲು ಬಂದ ಗಂಡಿನ ವೀರ್ಯವನ್ನು ಅವುಗಳಿಂದ ಕೆರೆದು ತೆಗೆದ ಮೇಲೆಯೇ ಅದು ತನ್ನದನ್ನು ಇರಿಸುತ್ತದೆ.

ಕೆರೆಯ ದಂಡೆಯ ಒಗಟು ಈಗ ಬಿಡಿಸಿದಂತಾಯಿತು. ಕೊನೆಗೆ ಕೂಡಿದವನಿಗೇ ಹೆಚ್ಚು ಮರಿಗಳು. ಹೆಣ್ಣನ್ನು ಬಿಟ್ಟರೆ ಇನ್ನೊಂದು ಗಂಡು ಬಂದು ಹಿಂದಿನ ಶ್ರಮವನ್ನೆಲ್ಲ ಅಳಿಸಿಹಾಕೀತು! ಅದಕ್ಕೇ ಮೊಟ್ಟೆ ಇಟ್ಟು ಮುಗಿಯುವವರೆಗೆ ಈ ಕಾವಲು. ಕೆಲವು ಜಾತಿಗಳಲ್ಲಿ ಗಂಡು ಹೆಣ್ಣನ್ನು ಹಿಡಿಯದೆ, ಮೇಲೆಯೇ ಸುತ್ತುತ್ತ ಕಾಯುತ್ತದೆ.

ಕೋತಿ ಮತ್ತು ಮುಸುವ

ಕೀಟಗಳಲ್ಲಷ್ಟೇ ಅಲ್ಲ, ದೊಡ್ಡ ಪ್ರಾಣಿಗಳ ದೇಹರಚನೆಯಲ್ಲೂ ಈ ಸ್ಪರ್ಧೆಯ ಗುರುತಿದೆ. ಗೊರಿಲ್ಲಾ ಗಂಡಿನ ತೂಕ ಸುಮಾರು 170 ಕಿಲೋ. ಅದರ ವೃಷಣಗಳ ತೂಕ ಸುಮಾರು 30 ಗ್ರಾಂ ಮಾತ್ರ. 45 ಕಿಲೋ ತೂಗುವ ಚಿಂಪಾಂಜಿಯವು ಸುಮಾರು 120 ಗ್ರಾಂ! ಗೊರಿಲ್ಲಾ ಗುಂಪಿಗೆ ಸಾಮಾನ್ಯವಾಗಿ ಒಬ್ಬನೇ ಯಜಮಾನ. ಚಿಂಪಾಂಜಿಗಳಲ್ಲಿ ಒಂದು ಹೆಣ್ಣು ಹಲವು ಗಂಡುಗಳೊಡನೆ ಕೂಡುತ್ತದೆ. 1981ರಲ್ಲಿ ಹಾರ್ಕೋರ್ಟ್ ಮತ್ತು ಸಂಗಡಿಗರು ಅನೇಕ ವಾನರ ಜಾತಿಗಳನ್ನು ಹೋಲಿಸಿ ಇದೇ ನಿಯಮವನ್ನು ಕಂಡರು.

ನಮ್ಮ ನಾಡಿನಲ್ಲೂ ಇಂಥ ಜೋಡಿ ಇದೆ. ಬೆಂಗಳೂರಿನ ಮನೆಗಳ ಸಜ್ಜೆಗಳ ಮೇಲೆ ಓಡಾಡುವ ಸಾಮಾನ್ಯ ಕೋತಿಗಳ ಗುಂಪಿನಲ್ಲಿ ಹಲವು ಗಂಡುಗಳಿರುತ್ತವೆ. ಅಲ್ಲಿ ಪೈಪೋಟಿ ಬಹುಪಾಲು ಹೆಣ್ಣಿನ ದೇಹದೊಳಗೆ. ಕರಿಮೂತಿಯ ಮುಸುವಗಳ ಅನೇಕ ಗುಂಪುಗಳಿಗೆ ಒಂದೇ ಗಂಡು. ಅಲ್ಲಿನ ಜಗಳ ಹೊರಗೆ, ಕಣ್ಣಿಗೆ ಕಾಣುವಂಥದ್ದು. 1960ರ ದಶಕದ ಆರಂಭದಲ್ಲಿ ಧಾರವಾಡದ ಕಾಡುಗಳಲ್ಲಿ ಮುಸುವಗಳನ್ನು ಅಭ್ಯಸಿಸಿದ ಜಪಾನಿನ ಯುಕಿಮಾರು ಸುಗಿಯಾಮ, ಗುಂಪನ್ನು ವಶಪಡಿಸಿಕೊಂಡ ಹೊಸ ಗಂಡು ಹಳೆಯ ಮರಿಗಳನ್ನು ಕೊಲ್ಲುವುದನ್ನು ದಾಖಲಿಸಿದರು. ಮರಿ ಸತ್ತರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಹೆಣ್ಣು ಹಲವು ಗಂಡುಗಳೊಡನೆ ಕೂಡಿದರೆ ಮರಿ ಯಾರದೆಂದು ಯಾವ ಗಂಡಿಗೂ ತಿಳಿಯದು, ಮರಿ ಬದುಕೀತು ಎಂಬ ವಾದವನ್ನು ಮುಂದೆ ಸಾರಾ ಹರ್ಡಿ ಮಂಡಿಸಿದರು. ಅಂದರೆ ಹೆಣ್ಣು ಈ ಆಟದಲ್ಲಿ ಬರೀ ಪ್ರೇಕ್ಷಕಳಲ್ಲ.

ಕಿಟಕಿಯ ಕಣಜದ ಗೂಡು

ರಾಜಾಜಿನಗರಕ್ಕೆ ಹೆಚ್ಚು ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು 'ರೊಪಾಲಿಡಿಯಾ ಮಾರ್ಜಿನೇಟಾ' ಎಂಬ ಕಾಗದದ ಗೂಡಿನ ಕಣಜವನ್ನು ದಶಕಗಳ ಕಾಲ ಅಭ್ಯಸಿಸಿದರು. ರಾಣಿ ಒಂದರಿಂದ ಮೂರು ಗಂಡುಗಳೊಡನೆ ಕೂಡಿ, ಅವುಗಳ ವೀರ್ಯವನ್ನು ಬೆರೆಸಿ ಬಳಸುತ್ತದೆಂದು 1986ರಲ್ಲಿ ಅವರು ತೋರಿಸಿದರು. ಇದರಿಂದ ಒಂದು ದೊಡ್ಡ ಪ್ರಶ್ನೆ ಎದ್ದಿತು. ಒಂದೇ ತಂದೆಯ ಮಕ್ಕಳಾದ ಕಣಜ ಸೋದರಿಯರ ನಡುವಿನ ರಕ್ತಸಂಬಂಧ ಮುಕ್ಕಾಲು ಪಾಲು. ಅದಕ್ಕೇ ಅವು ಸ್ವಂತ ಸಂತಾನ ಬಿಟ್ಟು ಸೋದರಿಯರಿಗಾಗಿ ದುಡಿಯುತ್ತವೆ ಎಂಬ ವಾದವಿತ್ತು. ತಂದೆಯರು ಹಲವರಾದರೆ ಸಂಬಂಧ ತೆಳುವಾಗುತ್ತದೆ. ಹಾಗಾದರೆ ದುಡಿಮೆಗೆ ಬೇರೆ ಕಾರಣಗಳನ್ನೂ ಹುಡುಕಲೇಬೇಕಲ್ಲ!

ಇಷ್ಟೆಲ್ಲ ಓದಿ ಪೋಷಕರು ಮುಜುಗರಪಡಬೇಕಿಲ್ಲ. ಪ್ರಾಣಿಗಳಲ್ಲಿ ಹೀಗಿದೆ ಎಂದ ಮಾತ್ರಕ್ಕೆ ಅದು ಮನುಷ್ಯರಿಗೆ ನೀತಿಪಾಠವಾಗುವುದಿಲ್ಲ. ಪ್ರಕೃತಿಯಲ್ಲಿ ಏನು ನಡೆಯುತ್ತದೆ ಎಂಬುದೇ ಬೇರೆ, ನಾವು ಹೇಗೆ ಬಾಳಬೇಕು ಎಂಬುದೇ ಬೇರೆ. ಈ ವ್ಯತ್ಯಾಸವನ್ನು ಮಗುವಿಗೆ ಸಮಾಧಾನದಿಂದ ತಿಳಿಸಿದರೆ ಸಂತಾನೋತ್ಪತ್ತಿಯ ಪಾಠವನ್ನು ಹಾರಿಸಿ ಮುಂದಿನ ಪುಟಕ್ಕೆ ಹೋಗುವ ಅಗತ್ಯ ಬೀಳದು.

ವಿದ್ಯಾರ್ಥಿಗಳು ಮುಂದಿನ ಭಾನುವಾರ ಹಿರಿಯರೊಬ್ಬರನ್ನು ಕರೆದುಕೊಂಡು ಹತ್ತಿರದ ಕೆರೆಗೆ ಹೋಗಲಿ. ಮೊಟ್ಟೆ ಇಡುವ ಹೆಣ್ಣನ್ನು ಗಂಡು ಹಿಡಿದಿದೆಯೇ, ಮೇಲೆ ಹಾರುತ್ತ ಕಾಯುತ್ತಿದೆಯೇ, ಬಿಟ್ಟು ಹೋಗಿದೆಯೇ? ಬೇರೆ ಗಂಡು ಬಂದರೆ ಏನಾಗುತ್ತದೆ? ಗಡಿಯಾರ ನೋಡಿ ನೋಟ್ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ. ಪಾರ್ಕರ್ ಸಗಣಿಯ ಪಕ್ಕ ಕುಳಿತು ಮಾಡಿದ್ದೂ ಇಂಥ ಕೆಲಸವನ್ನೇ.